ಮಾಡದ ಕೊಲೆಯ ಪಾಪ

1969ರಲ್ಲಿ ಹಾಲಿವುಡ್ಡಿನಿಂದ ಎರಡು ವೆಸ್ಟರ್ನ್ ಚಿತ್ರಗಳು ಬಂದವು. ಎರಡಕ್ಕೂ ಕ್ಯಾಮೆರಾ ಹಿಡಿದವರು ಕಾನ್ರಾಡ್ ಹಾಲ್. ಎರಡರಲ್ಲೂ ರಾಬರ್ಟ್ ರೆಡ್‌ಫೋರ್ಡ್, ಕ್ಯಾಥರೀನ್ ರಾಸ್. ಎರಡೂ ಕಾನೂನಿನಿಂದ ತಲೆತಪ್ಪಿಸಿಕೊಂಡು ಓಡುವವರ ಕಥೆ; ಎರಡೂ ಸುಮಾರಾಗಿ ಒಂದೇ ಕಾಲದ ನಿಜ ಘಟನೆಗಳ ಮೇಲೆ ಕಟ್ಟಿದವು. ಒಂದನ್ನು ಜಗತ್ತು ಈಗಲೂ ನೋಡುತ್ತಿದೆ: 'ಬುಚ್ ಕ್ಯಾಸಿಡಿ ಅಂಡ್ ದ ಸನ್‌ಡಾನ್ಸ್ ಕಿಡ್'. ಅಲ್ಲಿ ಓಡುವುದೇ ಒಂದು ಮೋಜು, ಸಾಯುವುದೂ ಒಂದು ಶೈಲಿ. ಇನ್ನೊಂದು 'ಟೆಲ್ ದೆಮ್ ವಿಲ್ಲಿ ಬಾಯ್ ಈಸ್ ಹಿಯರ್'. ಅದನ್ನು ಈಗ ಸಿನಿಮಾ ಚರಿತ್ರೆ ಓದುವವರು, ರೆಡ್‌ಫೋರ್ಡ್ ಅಭಿಮಾನಿಗಳು ಹುಡುಕಿ ನೋಡಬೇಕು. ಅಬ್ರಹಾಂ ಪೊಲಾನ್ಸ್ಕಿ ನಿರ್ದೇಶಿಸಿದ ಈ ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಗಂಭೀರ, ಎಷ್ಟೋ ಸಿಟ್ಟಿನ ಚಿತ್ರ. ಆದರೆ ನನ್ನ ತಕರಾರು ಅದರ ಸಿಟ್ಟಿನ ಬಗ್ಗೆ ಅಲ್ಲ, ಅದರ ಪಶ್ಚಾತ್ತಾಪದ ಬಗ್ಗೆ.

ಕಥೆ ಸರಳ. ದಕ್ಷಿಣ ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಊರಿಗೆ ವಿಲ್ಲಿ ಎಂಬ ಇಂಡಿಯನ್ ತರುಣ ತನ್ನ ಹುಡುಗಿ ಲೋಲಾಳನ್ನು ಹುಡುಕಿಕೊಂಡು ಮರಳುತ್ತಾನೆ. (ಕಾಲಕ್ಕೆ ತಕ್ಕಂತೆ ಚಿತ್ರ 'ಇಂಡಿಯನ್' ಎಂದೇ ಕರೆಯುತ್ತದೆ, ಇವರು ಅಲ್ಲಿನ ಮೂಲನಿವಾಸಿಗಳು.) ಹುಡುಗಿಯ ಮನೆಯವರಿಗೆ ಈ ಸಂಬಂಧ ಸುತರಾಂ ಇಷ್ಟವಿಲ್ಲ. ರಾತ್ರಿ ಇಬ್ಬರೂ ಒಟ್ಟಿಗಿರುವಾಗ ತಂದೆ ಕೋವಿ ಹಿಡಿದು ಬರುತ್ತಾನೆ, ವಿಲ್ಲಿಯ ಗುಂಡಿಗೆ ಸಾಯುತ್ತಾನೆ. ಪ್ರೇಮಿಗಳು ಮೊಹಾವಿ ಮರುಭೂಮಿಗೆ ಓಡುತ್ತಾರೆ. ಕೂಪರ್ ಎಂಬ ಡೆಪ್ಯುಟಿ ಶೆರಿಫ್, ಅಂದರೆ ರೆಡ್‌ಫೋರ್ಡ್, ಒಂದು ಪಡೆ ಕಟ್ಟಿಕೊಂಡು ಬೆನ್ನಟ್ಟುತ್ತಾನೆ. ನಡುದಾರಿಯಲ್ಲಿ ಲೋಲಾ ಗುಂಡೇಟಿನಿಂದ ಸತ್ತು ಬಿದ್ದಿರುತ್ತಾಳೆ. ಕೊನೆಗೆ ರೂಬಿ ಬೆಟ್ಟದ ಮೇಲೆ ವಿಲ್ಲಿ ಕೂಪರನ ಕಡೆ ತಿರುಗಿ ಕೋವಿ ಎತ್ತುತ್ತಾನೆ, ಕೂಪರ್ ಹೊಡೆದುರುಳಿಸುತ್ತಾನೆ, ಹತ್ತಿರ ಹೋಗಿ ನೋಡಿದರೆ ವಿಲ್ಲಿಯ ಕೋವಿಯಲ್ಲಿ ಗುಂಡೇ ಇಲ್ಲ.

ಇದು 1909ರ ಶರತ್ಕಾಲದಲ್ಲಿ ನಡೆದ ಘಟನೆ. ವಿಲ್ಲಿ ಬಾಯ್ ಎಂಬ ತರುಣ ನಿಜ, ಸತ್ತ ಹುಡುಗಿ ನಿಜ. ಆಕೆಯ ಹೆಸರು ಲೋಲಾ ಅಲ್ಲ, ಕಾರ್ಲೋಟಾ. ತಂದೆ ವಿಲಿಯಂ ಮೈಕ್, ಚೆಮೆಹುವೇವಿ ಎಂಬ ಮೂಲನಿವಾಸಿ ಜನರಲ್ಲಿ ಹಿರಿಯ, ಗೌರವಸ್ಥ. ಬ್ಯಾನಿಂಗಿನ ಗಿಲ್‌ಮನ್ ರಾಂಚ್‌ನಲ್ಲಿ ಹಣ್ಣು ಕೀಳುವ ಕೆಲಸಕ್ಕೆ ಬಂದಿದ್ದ ಕುಟುಂಬ ಅದು. ರಿವರ್‌ಸೈಡಿನ ಪತ್ರಕರ್ತ ಹ್ಯಾರಿ ಲಾಟನ್ 1960ರಲ್ಲಿ ಈ ಬೇಟೆಯ ಕುರಿತು ಪುಸ್ತಕ ಬರೆದರು. ಪೊಲಾನ್ಸ್ಕಿ ಚಿತ್ರಕಥೆ ಮಾಡಿಕೊಂಡದ್ದು ಅದರಿಂದ.

ಪೊಲಾನ್ಸ್ಕಿಗೆ ಈ ಕಥೆ ಏಕೆ ಬೇಕಾಯಿತು ಎಂಬುದನ್ನು ಊಹಿಸಲು ಕಷ್ಟಪಡಬೇಕಿಲ್ಲ. 1948ರ 'ಫೋರ್ಸ್ ಆಫ್ ಈವಿಲ್' ಅವರ ಮೊದಲ ನಿರ್ದೇಶನ; ಹಣವೇ ಹೇಗೆ ಅಪರಾಧವಾಗುತ್ತದೆ ಎಂದು ತೋರಿಸಿದ, ಇಂದಿಗೂ ಹರಿತವಾಗಿರುವ ಚಿತ್ರ. 1951ರಲ್ಲಿ ಅಮೆರಿಕನ್ ಸಂಸತ್ತಿನ ಸಮಿತಿ ಕಮ್ಯುನಿಸ್ಟರನ್ನು ಹುಡುಕುತ್ತ ಅವರನ್ನು ಕರೆಸಿತು. ಗೆಳೆಯರ ಹೆಸರು ಹೇಳಲು ಅವರು ಒಪ್ಪಲಿಲ್ಲ. ಸ್ಟುಡಿಯೋಗಳ ಬಾಗಿಲು ಮುಚ್ಚಿತು. ವರ್ಷಗಟ್ಟಲೆ ಬೇರೆಯವರ ಹೆಸರಿನ ಮರೆಯಲ್ಲಿ ಬರೆದು ಹೊಟ್ಟೆ ಹೊರೆದರು. ಎರಡನೆಯ ಸಲ 'ನಿರ್ದೇಶನ' ಎಂಬ ಅಕ್ಷರದ ಪಕ್ಕ ತಮ್ಮ ಹೆಸರು ಕಾಣಲು 21 ವರ್ಷ ಕಾಯಬೇಕಾಯಿತು. ಬೇಟೆಗೆ ಗುರಿಯಾದವನೇ ಬೇಟೆಯ ಚಿತ್ರ ಮಾಡಿದ. ಅದರ ಬಲ ಇಡೀ ಚಿತ್ರದಲ್ಲಿ ಕಾಣುತ್ತದೆ. ದೌರ್ಬಲ್ಯವೂ ಅಲ್ಲಿಂದಲೇ ಬಂದಿದೆ.

ಮೊದಲು ಬಲದ ಮಾತು. ಮರುಭೂಮಿಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ನೋಡಿದ ವೆಸ್ಟರ್ನ್ ಚಿತ್ರಗಳು ಕಡಿಮೆ. ವೆಸ್ಟರ್ನ್‌ಗಳ ನಿರ್ದೇಶಕ ಜಾನ್ ಫೋರ್ಡ್ ತೋರಿಸುವ ಮರುಭೂಮಿ ಗುಡಿಯ ಹಾಗೆ. ಬಂಡೆಗಳು ಗೋಪುರದಂತೆ ಎದ್ದಿರುತ್ತವೆ, ಮನುಷ್ಯ ಅದರ ಕೆಳಗೆ ಭಕ್ತನಂತೆ ಹಾಯುತ್ತಾನೆ. ಹಾಲ್ ಅವರ ಕ್ಯಾಮೆರಾಕ್ಕೆ ಈ ಭಕ್ತಿ ಇಲ್ಲ. ಬಿಸಿಲು ಬಣ್ಣವನ್ನೆಲ್ಲ ಹೀರಿಬಿಟ್ಟಿದೆ. ಆಕಾಶ ನೀಲಿಯಾಗಿ ಉಳಿದಿಲ್ಲ, ಮರಳು ಹೊನ್ನಾಗಿಲ್ಲ. ಎಲ್ಲ ಬೂದಿಗೆ ಹತ್ತಿರದ ಒಂದು ಬಣ್ಣ. ಅಡಗಲು ಮರವಿಲ್ಲದ ನಾಡಿನಲ್ಲಿ ಅಡಗಿಕೊಂಡು ಓಡುವುದೆಂದರೇನು ಎಂಬುದು ಮಾತಿಲ್ಲದೆ ಅರ್ಥವಾಗುತ್ತದೆ. ವಿಲ್ಲಿ ಓಡುತ್ತಾನೆ, ಅಷ್ಟೇ. ಬೆನ್ನಟ್ಟುವವರ ಹತ್ತಿರ ಕುದುರೆಗಳಿವೆ, ಇವನ ಹತ್ತಿರ ಕಾಲು ಮಾತ್ರ. ಆದರೆ ಕುದುರೆಗೆ ನೀರು ಬೇಕು, ನೀರಿರುವ ಜಾಗ ಗೊತ್ತಿರುವವನು ಇವನು. ಈ ಒಂದು ಲೆಕ್ಕದ ಮೇಲೆ ಇಡೀ ಬೇಟೆಯ ರೋಚಕತೆ ನಿಂತಿದೆ.

ಒಂದು ದೃಶ್ಯ. ನೀರಿನ ಹೊಂಡದ ಅಂಚಿನ ಕೆಸರಿನಲ್ಲಿ ವಿಲ್ಲಿಯ ಅಂಗೈ ಗುರುತು ಮೂಡಿದೆ. ಕೂಪರ್ ಬಗ್ಗಿ ನೋಡಿ, ತನ್ನ ಅಂಗೈಯನ್ನು ಅದರ ಮೇಲಿಡುತ್ತಾನೆ. ಮಾತಿಲ್ಲ. ಬೇಟೆಗಾರನಿಗೂ ಮಿಕಕ್ಕೂ ಇರುವ ಅಳತೆ ಒಂದೇ ಎಂಬುದನ್ನು ಇನ್ನೊಬ್ಬ ನಿರ್ದೇಶಕನಾಗಿದ್ದರೆ ಎರಡು ಪುಟ ಸಂಭಾಷಣೆಯಲ್ಲಿ ಹೇಳಿಸುತ್ತಿದ್ದ. ಪೊಲಾನ್ಸ್ಕಿಯವರಿಗೂ ಸಂಭಾಷಣೆಯ ಚಪಲವಿದೆ, ಹಲವು ಕಡೆ ಪಾತ್ರಗಳು ಪ್ರಬಂಧ ಓದುತ್ತವೆ. ಇಲ್ಲಿ ಮಾತ್ರ ಕೈ ಬಿಗಿಹಿಡಿದಿದ್ದಾರೆ.

ಇನ್ನೊಂದು ಬಲ, ಆ ಕಾಲದ ರಾಜಕೀಯವನ್ನು ಹಿಡಿದ ರೀತಿ. 1909ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಟಾಫ್ಟ್ ರಿವರ್‌ಸೈಡಿಗೆ ಬರುವವರಿದ್ದರು. ಅವರ ಹಿಂದೆ ಪತ್ರಕರ್ತರ ದಂಡು. ಬರೆಯಲು ಬಿಸಿಬಿಸಿ ಸುದ್ದಿ ಬೇಕಾಗಿದ್ದವರಿಗೆ ಮರುಭೂಮಿಯಲ್ಲಿ ಓಡುತ್ತಿರುವ ಒಬ್ಬ ಇಂಡಿಯನ್ ಸಿಕ್ಕಿದ. ಒಂದು ಮನೆಯೊಳಗಿನ ಕೊಲೆ ಪತ್ರಿಕೆಗಳಲ್ಲಿ ಬೆಳೆಯುತ್ತ ಇಂಡಿಯನ್ ದಂಗೆಯ ಗುಮಾನಿಯಾಯಿತು, ಅಧ್ಯಕ್ಷರ ಪ್ರಾಣಕ್ಕೇ ಅಪಾಯ ಎನ್ನುವವರೆಗೆ ಹೋಯಿತು. ಚಿತ್ರದಲ್ಲಿ ಈ ಭಾಗ ಕಟುವಾದ ಪ್ರಹಸನದಂತಿದೆ: ಕೂಪರ್ ಬೇಟೆಯನ್ನು ಅರ್ಧಕ್ಕೆ ಬಿಟ್ಟು ಅಧ್ಯಕ್ಷರ ಕಾವಲಿಗೆ ಹೋಗಬೇಕಾಗುತ್ತದೆ. ಪಡೆಯಲ್ಲಿರುವ ಕ್ಯಾಲ್ವರ್ಟ್ ಎಂಬ ಮುದುಕನಿಗೆ ಹಳೆಯ ಇಂಡಿಯನ್ ಯುದ್ಧಗಳ ದಿನ ಮರಳಿ ಬಂತೆಂಬ ಸಡಗರ. ನ್ಯಾಯದ ಹೆಸರಿನಲ್ಲಿ ಹೊರಟವರಲ್ಲಿ ನ್ಯಾಯ ಬೇಕಾದವರು ಯಾರೂ ಇಲ್ಲ. ಒಬ್ಬನಿಗೆ ಗತವೈಭವ ಬೇಕು, ಒಬ್ಬನಿಗೆ ಚುನಾವಣೆ, ಒಬ್ಬನಿಗೆ ಸುದ್ದಿ. ಕೂಪರನಿಗೆ ಏನೂ ಬೇಡ, ಅದೇ ಅವನ ರೋಗ.

ಪ್ರೇಮದ ವಿಷಯಕ್ಕೆ ಬಂದರೆ ಚಿತ್ರ ತಡವರಿಸತೊಡಗುತ್ತದೆ. ಪೊಲಾನ್ಸ್ಕಿ ಎರಡು ಜೋಡಿಗಳನ್ನು ಅಕ್ಕಪಕ್ಕ ಇಡುತ್ತಾರೆ. ಓಡುತ್ತಿರುವ ವಿಲ್ಲಿ ಮತ್ತು ಲೋಲಾ. ಊರಿನಲ್ಲಿ ಕೂಪರ್ ಮತ್ತು ಎಲಿಜಬೆತ್ ಆರ್ನಲ್ಡ್. ಈಕೆ ಇಂಡಿಯನ್ನರ ಮೀಸಲು ಪ್ರದೇಶದ ಮೇಲ್ವಿಚಾರಕಿ, ಓದಿದವಳು, ಲೋಲಾಳನ್ನು ಓದಿಸಿ ಶಿಕ್ಷಕಿಯನ್ನಾಗಿ ಮಾಡಬೇಕೆಂಬ ಉಮೇದಿನವಳು. ಕೂಪರನನ್ನು ಆಕೆ ದ್ವೇಷಿಸುತ್ತಾಳೆ, ರಾತ್ರಿ ಬಾಗಿಲು ತೆರೆಯುತ್ತಾಳೆ. ಒಂದು ಪ್ರೇಮ ಪ್ರಾಣ ಕೊಡುವಂಥದು, ಇನ್ನೊಂದು ಪರಸ್ಪರ ಅವಮಾನದ ವ್ಯವಹಾರ. ಇದನ್ನು ನಮಗೆ ಮನಗಾಣಿಸಲು ಸಂಕಲನ ಒಂದರಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ. ಎರಡನೆಯ ಹಾರಿಕೆಗೇ ವಿಷಯ ಅರ್ಥವಾಗಿಬಿಡುತ್ತದೆ. ಸೂಸನ್ ಕ್ಲಾರ್ಕ್ ಮೇಲ್ವಿಚಾರಕಿಯ ಪಾತ್ರಕ್ಕೆ ಘನತೆ ತರಲು ಹೆಣಗಿದ್ದಾರೆ. ಆದರೆ ಈ ಚಿತ್ರಕಥೆಯಲ್ಲಿ ಸುಧಾರಣೆಯ ಮಾತಾಡುವ ಹೆಂಗಸಿಗೆ ಗೆಲುವಿಲ್ಲ. ಆಕೆಯ ಆದರ್ಶವನ್ನು ಗಂಡಸಿನ ಮೈಬಿಸಿ ಸೋಲಿಸಲೇಬೇಕು. ಎಡಪಂಥೀಯ ನಿರ್ದೇಶಕನ ಚಿತ್ರ ಇಲ್ಲಿ ಹಠಾತ್ತನೆ ತುಂಬಾ ಹಳೆಯದಾಗಿ ಕಾಣುತ್ತದೆ.

ಮತ್ತೆ ಲೋಲಾಳ ಪ್ರೇಮ? ಆಕೆ ಓಡಿದಳು, ಬಳಲಿದಳು, ಸತ್ತಳು. ಅವಳ ತಂದೆಯನ್ನು ಕೊಂದವನ ಜೊತೆ ಅವಳು ನಡೆಯುತ್ತಿದ್ದಾಳೆ. ಆ ತಂದೆಯ ಬಗ್ಗೆ ಅವಳಿಗೆ ಏನನ್ನಿಸುತ್ತದೆ? ರಾತ್ರಿ ಮಲಗಿದಾಗ ಮನಸ್ಸಿಗೆ ಬರುವುದು ಯಾರು? ತಪ್ಪಿತಸ್ಥ ಭಾವ, ನ್ಯಾಯ, ಪ್ರೇಮ, ಈ ಮೂರೂ ಸೇರಿ ಒಂದು ಜೀವವನ್ನು ಹಿಂಡುವ ಸ್ಥಳ ಇಡೀ ಕಥೆಯಲ್ಲಿ ಯಾವುದಾದರೂ ಇದ್ದರೆ ಅದು ಈ ಹುಡುಗಿಯ ಎದೆ. ಚಿತ್ರ ಅಲ್ಲಿಗೆ ಹೋಗುವುದೇ ಇಲ್ಲ. ಹುಡುಗಿಯನ್ನು ಹೊತ್ತೊಯ್ದು ಮದುವೆಯಾಗುವುದು ಇಂಡಿಯನ್ನರ ಪದ್ಧತಿ ಎಂಬ ವಿವರಣೆಯೊಂದನ್ನು ಲಾಟನ್ನರಿಂದ ಪಡೆದು, ಅದರ ಮೇಲೆ ಪ್ರಶ್ನೆಯನ್ನು ಮಲಗಿಸಿಬಿಡುತ್ತದೆ.

ನಿಜಸಂಗತಿ ಇದಕ್ಕಿಂತ ತೊಡಕಿನದು, ಹಾಗಾಗಿ ನಾಟಕಕ್ಕೆ ಇನ್ನೂ ಒದಗುವಂಥದು. ಜೇಮ್ಸ್ ಸ್ಯಾಂಡೋಸ್ ಮತ್ತು ಲ್ಯಾರಿ ಬರ್ಜೆಸ್ ಎಂಬ ಇಬ್ಬರು ಇತಿಹಾಸಕಾರರು 1994ರಲ್ಲಿ ಈ ಪ್ರಕರಣವನ್ನು ಮತ್ತೆ ಕೆದಕಿದರು. ಹಳೆಯ ದಾಖಲೆಗಳ ಜೊತೆಗೆ ಮೂಲನಿವಾಸಿ ಹಿರಿಯರ ನೆನಪುಗಳನ್ನೂ ಕೇಳಿದರು. ಅವರ ಪ್ರಕಾರ ವಿಲ್ಲಿ, ಕಾರ್ಲೋಟಾ ದಾಯಾದಿ ಸಂಬಂಧದವರು. ಚೆಮೆಹುವೇವಿ ಕಟ್ಟಳೆಯಲ್ಲಿ ಅಂಥವರು ಮದುವೆಯಾಗುವಂತಿಲ್ಲ. ವಿಲಿಯಂ ಮೈಕ್ ಅಡ್ಡ ನಿಂತದ್ದು ಮೊಂಡುತನದಿಂದಲ್ಲ, ತನ್ನ ಜನರ ನ್ಯಾಯದಂತೆ. ಅಂದರೆ ಶೆರಿಫ್‌ನ ಕಾನೂನು ಆ ಮರುಭೂಮಿಗೆ ಕಾಲಿಡುವ ಮುಂಚೆಯೇ ಅಲ್ಲೊಂದು ಕಾನೂನಿತ್ತು, ಈ ಪ್ರೇಮಿಗಳು ಮೊದಲು ಮುರಿದದ್ದು ಅದನ್ನು. ಎರಡು ನ್ಯಾಯಗಳ ನಡುವೆ ಸಿಕ್ಕಿದ ಪ್ರೇಮ! ಪೊಲಾನ್ಸ್ಕಿಯವರಂಥ ಬುದ್ಧಿವಂತನ ಕೈಗೆ ಇದು ಸಿಕ್ಕಿದ್ದರೆ ಏನಾಗುತ್ತಿತ್ತೋ. 1969ರಲ್ಲಿ ಸಿಕ್ಕಿರಲಿಲ್ಲ, ಏಕೆಂದರೆ ಆಗ ಲಭ್ಯವಿದ್ದ ಕಥನ ಬೆನ್ನಟ್ಟಿ ಹೋದವರದಾಗಿತ್ತು.

ಲೋಲಾಳ ಸಾವನ್ನು ಚಿತ್ರ ಬೇಕೆಂದೇ ಮಸುಕಾಗಿಟ್ಟಿದೆ. ವಿಲ್ಲಿಯ ಓಟಕ್ಕೆ ತೊಡಕಾಗಬಾರದೆಂದು ಅವಳೇ ಹೊಡೆದುಕೊಂಡಳೇ, ಪಡೆಯ ಕೈಗೆ ಸಿಗಬಾರದೆಂದು ಅವನೇ ಕೊಂದನೇ? ಕೂಪರ್ ಎರಡನೆಯದನ್ನು ನಂಬುತ್ತಾನೆ. ಚಿತ್ರ ಉತ್ತರ ಕೊಡುವುದಿಲ್ಲ. ಇದನ್ನು ಪೊಲಾನ್ಸ್ಕಿಯವರ ಸೂಕ್ಷ್ಮತೆ ಎಂದು ಹೊಗಳಿದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಇಲ್ಲಿ ಕೊಟ್ಟಿರುವ ಎರಡು ಆಯ್ಕೆಗಳನ್ನು ನೋಡಿ: ಒಂದೋ ಹುಡುಗಿ, ಇಲ್ಲವೇ ಅವಳ ಪ್ರಿಯಕರ. ಕೋವಿ ಹಿಡಿದ ಉಳಿದವರೆಲ್ಲ ಅನುಮಾನದ ಪಟ್ಟಿಯಿಂದ ಆಗಲೇ ಹೊರಗೆ. ಸ್ಯಾಂಡೋಸ್ ಮತ್ತು ಬರ್ಜೆಸ್ ಮುಂದಿಡುವ ಮೂರನೆಯ ಸಾಧ್ಯತೆಯೇ ಬೇರೆ, ಚೆಮೆಹುವೇವಿ ಮನೆಗಳಲ್ಲಿ ಮೊದಲಿಂದಲೂ ಹೇಳುತ್ತ ಬಂದದ್ದು ಅದನ್ನೇ: ದೂರದಿಂದ ಆಕೃತಿ ಕಂಡು ವಿಲ್ಲಿಯೇ ಎಂದು ತಿಳಿದು ಪಡೆಯವನೊಬ್ಬ ಹೊಡೆದ, ಸತ್ತದ್ದು ಹುಡುಗಿ, ಆಮೇಲೆ ಆ ಕೊಲೆಯನ್ನು ಓಡಿಹೋದವನ ತಲೆಗೆ ಕಟ್ಟಿದರು. ಇದು ಕೊನೆಯ ತೀರ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಸಾಯುವವರೆಗೂ ಅಧಿಕಾರವನ್ನು ಅನುಮಾನಿಸಿದ ನಿರ್ದೇಶಕನೊಬ್ಬ ಈ ಒಂದು ಅನುಮಾನವನ್ನು ಪಡಲಿಲ್ಲವಲ್ಲ!

ಕೊನೆಯ ಭಾಗದ ಬದಲಾವಣೆಗಳನ್ನು ಇದರ ಜೊತೆಗಿಟ್ಟು ನೋಡಬೇಕು. ಅಧಿಕೃತ ದಾಖಲೆಯಂತೆ ವಿಲ್ಲಿ ಬಾಯ್‌ನನ್ನು ಯಾವ ಶೆರಿಫನೂ ಕೊಲ್ಲಲಿಲ್ಲ. ರೂಬಿ ಬೆಟ್ಟದಲ್ಲಿ ಪಡೆಯ ಕುದುರೆಗಳನ್ನು ಹೊಡೆದು ಅವರನ್ನು ತಡೆದವನು ಕೊನೆಯ ಗುಂಡನ್ನು ತನಗೇ ಉಳಿಸಿಕೊಂಡ, ಪಡೆಯವರಿಗೆ ದಿನಗಳ ನಂತರ ಹೆಣ ಸಿಕ್ಕಿತು ಎನ್ನುತ್ತದೆ ಆ ದಾಖಲೆ. (ಅವನು ಸಾಯಲೇ ಇಲ್ಲ, ತಪ್ಪಿಸಿಕೊಂಡು ನೆವಾಡಾ ಕಡೆ ಹೋಗಿ ಎಷ್ಟೋ ಕಾಲ ಬದುಕಿದ್ದ ಎಂಬುದು ಮೂಲನಿವಾಸಿಗಳ ಮಾತು.) ಸಿಕ್ಕ ಹೆಣದ ಪಕ್ಕ ಪಡೆಯವರು ನಿಂತು ಫೋಟೋ ತೆಗೆಸಿಕೊಂಡರು, ನಂತರ ಅಲ್ಲಿಯೇ ಸುಟ್ಟರು. ಚಿತ್ರದಲ್ಲಿ ಇದೆಲ್ಲ ತಲೆಕೆಳಗು. ಕೊಲ್ಲುವವನು ಕೂಪರ್. ಖಾಲಿ ಕೋವಿ ನೋಡಿ ಕುಸಿಯುವವನೂ ಅವನೇ. ಹೆಣವನ್ನು ತಾನೇ ಹೊತ್ತು ತಂದು ಇಂಡಿಯನ್ನರಿಗೆ ಒಪ್ಪಿಸುತ್ತಾನೆ, ಅವರು ತಮ್ಮ ರೀತಿಯಲ್ಲಿ ದಹಿಸುತ್ತಾರೆ. ಜನ ನೋಡಲು ಬಂದಿದ್ದಾರೆ, ಅವರಿಗೆ ಏನೂ ಉಳಿಯಲಿಲ್ಲವಲ್ಲ ಎಂದು ಮೇಲಧಿಕಾರಿ ಗೊಣಗಿದಾಗ, ಸ್ಮರಣಿಕೆ ಮುಗಿದಿದೆ ಎಂಬರ್ಥದ ಒಂದು ಮಾತನ್ನು ಕೂಪರ್ ಒಗೆದು ಹೋಗುತ್ತಾನೆ. ರೆಡ್‌ಫೋರ್ಡ್ ಆ ಮಾತನ್ನು ಹೇಳುವ ರೀತಿ ಅದ್ಭುತ: ದಣಿವು ಮಾತ್ರ, ಒಂದಿಷ್ಟೂ ವೀರಾವೇಶವಿಲ್ಲ. ನಟನೆಗೆ ನೂರಕ್ಕೆ ನೂರು. ಆದರೆ ಇತಿಹಾಸದಲ್ಲಿ ಸ್ಮರಣಿಕೆ ಮುಗಿದಿರಲಿಲ್ಲ, ಕ್ಯಾಮೆರಾ ಬಂದಾಗಿತ್ತು.

ಲೆಕ್ಕ ಹಾಕಿ ನೋಡಿದರೆ ಹೀಗಾಗುತ್ತದೆ. ಬಿಳಿಯ ಕಾವಲುಗಾರ ಮಾಡದೆ ಇದ್ದ ಕೊಲೆಯೊಂದರ ಪಾಪವನ್ನು ಚಿತ್ರ ಅವನ ಹೆಗಲಿಗೆ ಹೊರಿಸಿದೆ; ಬಿಳಿಯರ ಪಡೆ ಮಾಡಿರಬಹುದಾದ ಕೊಲೆಯೊಂದರ ಪಾಪವನ್ನು ಸದ್ದಿಲ್ಲದೆ ಇಳಿಸಿದೆ. ಮೊದಲನೆಯದು ಉದಾತ್ತ ಪಾಪ. ಸಾಯಲೆಂದೇ ನಿಂತವನನ್ನು, ಸಮಾನನಾದ ವೀರನನ್ನು ಎದುರಾಬದುರು ನಿಂತು ಕೊಂದ ನೋವು. ಅದನ್ನು ಹೊತ್ತವನು ನಮ್ಮ ಕಣ್ಣಲ್ಲಿ ದೊಡ್ಡವನಾಗುತ್ತಾನೆ. ಎರಡನೆಯದು ನಾಚಿಕೆಗೇಡಿನದು. ಕಣ್ಣಳತೆ ತಪ್ಪಿ ಒಬ್ಬ ಹುಡುಗಿಯನ್ನು ಕೊಂದು, ಸುಳ್ಳು ಹೇಳಿ, ಮನೆಗೆ ಹೋಗಿ ಉಂಡು ಮಲಗುವಂಥದು. ಅದನ್ನು ಹೊತ್ತವನ ಪಾತ್ರವನ್ನು ಯಾವ ತಾರೆಯೂ ಒಪ್ಪಿಕೊಳ್ಳುವುದಿಲ್ಲ. ಬಿಡುಗಡೆಯಾದಾಗ ವಿಮರ್ಶಕಿ ಪಾಲಿನ್ ಕೇಲ್ ಈ ಚಿತ್ರದ ಮೇಲೆ ಹರಿಹಾಯ್ದಿದ್ದರು, ಅಮೆರಿಕನ್ನರು ತಮ್ಮನ್ನೇ ಹಳಿದುಕೊಳ್ಳುವಂತೆ ಮಾಡುವ ಚಿತ್ರ ಎಂಬ ಧಾಟಿಯಲ್ಲಿ. ನನ್ನ ದೂರು ಅದಕ್ಕೆ ವಿರುದ್ಧ: ಹಳಿದುಕೊಳ್ಳುವುದರಲ್ಲಿ ಇದು ಸಾಕಷ್ಟು ದೂರ ಹೋಗಲಿಲ್ಲ, ಸುಂದರವಾಗಿ ಕಾಣುವ ಪಾಪವನ್ನಷ್ಟೇ ಆರಿಸಿಕೊಂಡಿತು.

ಇದು ಕಪಟದಿಂದ ಆದದ್ದಲ್ಲ. ಪೊಲಾನ್ಸ್ಕಿ ವಿಲ್ಲಿಯಲ್ಲಿ ತಮ್ಮನ್ನು ಕಂಡರು ಎಂಬುದೇ ಕಾರಣ ಎಂದು ನನಗನ್ನಿಸುತ್ತದೆ. ಶರಣಾದರೆ ಬದುಕಬಹುದು, ಆದರೆ ಬದುಕಿನ ಷರತ್ತುಗಳನ್ನು ಅವರು ಬರೆಯುತ್ತಾರೆ. ಒಲ್ಲೆ ಎಂದರೆ ನಾಶ. 1951ರ ವಿಚಾರಣಾ ಕೊಠಡಿಯ ಈ ಇಕ್ಕಟ್ಟನ್ನು ರೂಬಿ ಬೆಟ್ಟದ ನೆತ್ತಿಗೆ ಒಯ್ದರು. ಗುಂಡಿಲ್ಲದ ಕೋವಿ ಎತ್ತುವವನು ಹೆಸರು ಹೇಳದ ಸಾಕ್ಷಿಯ ಅಣ್ಣತಮ್ಮ. ವಿಲ್ಲಿಗೆ ಕೊನೆಯಲ್ಲಿ ತೊಡಿಸಿದ ಅಂಗಿಯೂ ಅದನ್ನೇ ನುಡಿಯುತ್ತದೆ: ಪೈಯೂಟ್ ಪ್ರವಾದಿ ವೊವೋಕಾನಿಂದ ಹಬ್ಬಿದ ಪ್ರೇತನೃತ್ಯ (ಗೋಸ್ಟ್ ಡಾನ್ಸ್) ಎಂಬ ಧಾರ್ಮಿಕ ಚಳವಳಿಯ ಕಾಲದಲ್ಲಿ, ತೊಟ್ಟವರಿಗೆ ಗುಂಡು ತಾಗದು ಎಂದು ನಂಬಿದ್ದ ಅಂಗಿ, 1890ರಲ್ಲಿ ವೂಂಡೆಡ್ ನೀ ಹತ್ಯಾಕಾಂಡದಲ್ಲಿ ಆ ನಂಬಿಕೆ ರಕ್ತದಲ್ಲಿ ಮುಳುಗಿತ್ತು. ರೂಪಕವಾಗಿ ಎಲ್ಲ ಸರಿಹೊಂದುತ್ತದೆ. ಆದರೆ ರೂಪಕಕ್ಕೆ ಬೇಕಾದದ್ದು ಒಬ್ಬ ವಿಲ್ಲಿ, ಒಬ್ಬ ಕೂಪರ್. ಹುಡುಗಿಗೆ ಅದರಲ್ಲಿ ಕೆಲಸವಿಲ್ಲ. ಹಾಗಾಗಿ ಇಬ್ಬರು ಗಂಡಸರ ಮುಖಾಮುಖಿಗೆ ದಾರಿ ತೆರವಾಗಲೆಂದು ಅವಳು ಮುಕ್ಕಾಲು ಕಥೆಗೆ ಸಾಯುತ್ತಾಳೆ.

ಪಾತ್ರಧಾರಿಗಳ ಆಯ್ಕೆಯ ಕುರಿತು ಹೆಚ್ಚು ಹೇಳಬೇಕಿಲ್ಲ, ನೋಡಿದವರಿಗೆ ಕಾಣುತ್ತದೆ. ಲೋಲಾ ಆಗಿ ಮೈಬಣ್ಣ ಗಾಢ ಮಾಡಿಕೊಂಡ ಕ್ಯಾಥರೀನ್ ರಾಸ್ ಒಂದು ಕ್ಷಣವೂ ನಂಬಿಕೆ ಹುಟ್ಟಿಸುವುದಿಲ್ಲ. ಇಟಾಲಿಯನ್ ಮೂಲದ ರಾಬರ್ಟ್ ಬ್ಲೇಕ್ ವಿಲ್ಲಿಯಾಗಿ ಬಿಗಿಯಾಗಿ, ಚೆನ್ನಾಗಿ ನಟಿಸಿದ್ದಾರೆ. ಅವರೇ 1940ರ ದಶಕದಲ್ಲಿ ಬಾಲನಟನಾಗಿ 'ರೆಡ್ ರೈಡರ್' ಚಿತ್ರಗಳಲ್ಲಿ ಲಿಟಲ್ ಬೀವರ್ ಎಂಬ ಇಂಡಿಯನ್ ಹುಡುಗನ ವೇಷ ಹಾಕಿದ್ದವರು. ಚಿತ್ರ ತೆರೆಕಂಡದ್ದು 1969ರ ಡಿಸೆಂಬರ್‌ನಲ್ಲಿ. ಅದಕ್ಕೆ ಕೆಲವೇ ವಾರಗಳ ಮುಂಚೆ, ನವೆಂಬರ್ 20ರಂದು, ನಿಜವಾದ ಮೂಲನಿವಾಸಿ ತರುಣರು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಲ್ಕಟ್ರಾಜ್ ದ್ವೀಪಕ್ಕೆ ನುಗ್ಗಿ ಇದು ನಮ್ಮದು ಎಂದು ಕೂತಿದ್ದರು. ಅವರ ಪರವಾಗಿ ಮಾತಾಡುತ್ತೇನೆಂದುಕೊಂಡ ಚಿತ್ರದಲ್ಲಿ ಮುಖ್ಯವಾದ ಮಾತು ಅವರಿಗಿರಲಿಲ್ಲ.

ಬೇಟೆಯ ನಂತರದ ಒಂದು ಸಂಗತಿ ಚಿತ್ರದ ಚೌಕಟ್ಟಿನಿಂದ ಪೂರ್ತಿ ಹೊರಗುಳಿದಿದೆ. ಮೈಕ್ ಮನೆತನದವರು ಟ್ವೆಂಟಿನೈನ್ ಪಾಮ್ಸ್‌ನ ಮಾರಾ ಎಂಬ ಮರುಭೂಮಿಯ ಚಿಲುಮೆಯ ಬಳಿ ನೆಲೆಸಿದ್ದವರು. ತಂದೆ, ಮಗಳು ಇಬ್ಬರೂ ಸತ್ತ ಮೇಲೆ ಆ ಚಿಕ್ಕ ಸಮುದಾಯ ಮಾರಾವನ್ನು ತೊರೆದು ಕೋಚೆಲ್ಲಾ ಕಣಿವೆಯ ಕಡೆಗೆ ಹೋಯಿತು. ಒಂದು ಪ್ರೇಮ, ಒಂದು ಕೊಲೆ, ಒಂದು ಬೇಟೆ. ಅದರ ಕೊನೆಯಲ್ಲಿ ಒಂದು ಊರೇ ಖಾಲಿ. ಕೂಪರನ ಮುಖದ ಮೇಲೆ ಕ್ಯಾಮೆರಾ ಅಷ್ಟು ಹೊತ್ತು ನಿಲ್ಲುವಾಗ ಇತ್ತಕಡೆ ಒಂದು ಗಳಿಗೆ ತಿರುಗಿದ್ದರೂ ಸಾಕಿತ್ತು. ಯಾರ ಅಳಲಿಗೆ ಎಷ್ಟು ಅಡಿ ಫಿಲ್ಮ್ ಎಂಬುದೂ ನ್ಯಾಯದ ಪ್ರಶ್ನೆಯೇ.

2022ರಲ್ಲಿ ಕ್ರಿಶ್ಚಿಯನ್ ಕಮಾರ್ಗೊ ನಿರ್ದೇಶನದ 'ದ ಲಾಸ್ಟ್ ಮ್ಯಾನ್‌ಹಂಟ್' ಇದೇ ಘಟನೆಯನ್ನು ಚೆಮೆಹುವೇವಿಗಳ ಬಾಯಿಮಾತಿನ ಕಥನದ ಆಧಾರದ ಮೇಲೆ ಮತ್ತೆ ಹೇಳಿತು. ಹುಡುಗಿಗೆ ಅಲ್ಲಿ ತನ್ನ ಹೆಸರು ಮರಳಿ ಸಿಕ್ಕಿದೆ, ಮೂಲನಿವಾಸಿ ಪಾತ್ರಗಳಿಗೆ ಮೂಲನಿವಾಸಿ ನಟರಿದ್ದಾರೆ. ಸಿನಿಮಾ ಎಂದು ತೂಗಿದರೆ ಅದು ಪೊಲಾನ್ಸ್ಕಿಯವರ ಹತ್ತಿರಕ್ಕೂ ಬರುವುದಿಲ್ಲ: ಲಯ ಸಡಿಲ, ದೃಶ್ಯಗಳು ಒಂದರ ಮೇಲೊಂದು ಗಂಭೀರವಾಗಿ ಕೂತಿವೆ, ಹಾಲ್ ಅವರ ಬಿಸಿಲು ಅಲ್ಲಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ನೋಡಲು ಸಮಯವಿರುವವರಿಗೆ ನಾನು ಈಗಲೂ 1969ರದನ್ನೇ ಹೇಳುತ್ತೇನೆ. ಲೋಲಾ ಸತ್ತು ಬಿದ್ದಿರುವ ದೃಶ್ಯ ಬಂದಾಗ ಕೂಪರ್ ಏನು ಯೋಚಿಸುತ್ತಿದ್ದಾನೆ ಎಂಬುದನ್ನು ಬಿಟ್ಟು, ಅವನ ಹಿಂದೆ ಕೋವಿ ಹಿಡಿದು ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿ.